ವೆಸ್ಟ್ ವರ್ಜೀನಿಯಾಕ್ಕೆ ಯಾಕೆ ಹೋಗಬೇಕು?

ಅಮೆರಿಕಾದ ಪೂರ್ವ ಭಾಗದಲ್ಲಿರೋ ನಮ್ಮವರನ್ನ ರಜೆಗೆ ಎಲ್ಲಿಗೆ ಹೋಗ್ತೀರಿ ಅಂತ ಕೇಳಿ ನೋಡಿ. ನಯಾಗರಾ ಅಂತಾರೆ, ಡಿಸ್ನಿ ವರ್ಲ್ಡ್ ಅಂತಾರೆ. ವೆಸ್ಟ್ ವರ್ಜೀನಿಯಾ ಅನ್ನೋರು ಸಿಗೋದು ಕಷ್ಟ. ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನ ಮುಗಿಸಿ, ಹಾಗೇ ನ್ಯೂ ವೃಂದಾವನದ ಚಿನ್ನದ ಅರಮನೆ ನೋಡಿಕೊಂಡು ಬಂದವರಿಗೂ ತಾವು ಕಾಲಿಟ್ಟಿದ್ದು ಅದೇ ರಾಜ್ಯದಲ್ಲಿ ಅನ್ನೋದು ಮರೆತುಹೋಗಿರುತ್ತೆ. ಮಿಕ್ಕವರಿಗೆ ಗೊತ್ತಿರೋದು ಜಾನ್ ಡೆನ್ವರ್ 1971ರಲ್ಲಿ ಹಾಡಿದ 'ಕಂಟ್ರಿ ರೋಡ್ಸ್' ಅಷ್ಟೇ.

ಬೆಟ್ಟ, ಕಾಡು, ನದಿಗೆ ಅಲ್ಲಿ ಕೊರತೆಯಿಲ್ಲ. ಇಡೀ ರಾಜ್ಯ ಅಪಲಾಚಿಯಾದ ಬೆಟ್ಟನಾಡಿನಲ್ಲೇ ಇದೆ. ಆದರೆ ನಾನು ಹೋಗಿ ಬನ್ನಿ ಅನ್ನೋದಕ್ಕೆ ಮುಖ್ಯ ಕಾರಣ ಆ ರಾಜ್ಯದ ಚರಿತ್ರೆ. ಅದರ ಮುದ್ರೆಯ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಮಾತಿದೆ: ಬೆಟ್ಟದ ಜನ ಯಾವತ್ತೂ ಸ್ವತಂತ್ರರು ಅಂತ. ಆ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಅನ್ನೋದನ್ನ ಒಂದು ವಾರದ ಪ್ರವಾಸದಲ್ಲಿ ಕಣ್ಣಾರೆ ನೋಡಬಹುದು.

ಶುರು ಮಾಡೋಕೆ ಹಾರ್ಪರ್ಸ್ ಫೆರಿ ಒಳ್ಳೇ ಜಾಗ. ವಾಷಿಂಗ್ಟನ್ನಿನಿಂದ ಒಂದೂವರೆ ಗಂಟೆ ದಾರಿ. ಪೊಟೊಮ್ಯಾಕ್ ಮತ್ತು ಶೆನಾಂಡೋವಾ ನದಿಗಳ ಸಂಗಮದಲ್ಲಿ ಬೆಟ್ಟಕ್ಕೆ ಅಂಟಿಕೊಂಡಿರೋ ಪುಟ್ಟ ಊರು. 1859ರಲ್ಲಿ ಇದು ಇನ್ನೂ ವರ್ಜೀನಿಯಾಕ್ಕೆ ಸೇರಿತ್ತು, ಸರ್ಕಾರದ ಬಂದೂಕುಗಳ ಕಾರ್ಖಾನೆ ಇಲ್ಲಿತ್ತು. ಅಕ್ಟೋಬರ್ 16ರ ರಾತ್ರಿ ಜಾನ್ ಬ್ರೌನ್ ಅನ್ನೋ ಬಿಳಿಯ ಮನುಷ್ಯ ಬೆರಳೆಣಿಕೆಯ ಜನರನ್ನ ಕಟ್ಟಿಕೊಂಡು ಇದನ್ನ ವಶಪಡಿಸಿಕೊಂಡ. ಆ ಬಂದೂಕುಗಳನ್ನ ಗುಲಾಮರ ಕೈಗೆ ಕೊಟ್ಟು ದಂಗೆ ಎಬ್ಬಿಸೋದು ಅವನ ಲೆಕ್ಕಾಚಾರ. ಎರಡು ದಿನದೊಳಗೆ ಎಲ್ಲಾ ಮುಗಿದುಹೋಯ್ತು. ಅವನನ್ನ ಹಿಡಿದ ಸೈನಿಕರ ನಾಯಕ ಮುಂದೆ ದಕ್ಷಿಣದ ಸೇನಾಪತಿಯಾದ ರಾಬರ್ಟ್ ಲೀ. ಬ್ರೌನ್ ಕೊನೆಗೆ ಅಡಗಿ ಕೂತಿದ್ದ ಅಗ್ನಿಶಾಮಕದ ಮನೆ ಈಗಲೂ ಇದೆ, ಮೊದಲಿದ್ದ ಜಾಗದಿಂದ ತುಸು ಆಚೆಗೆ. ಷಿಕಾಗೋದ 1893ರ ಮೇಳಕ್ಕೆ ಬರೋ ಜನರಿಗೆ ತೋರಿಸೋಣ ಅಂತ ಅದನ್ನ ಬಿಚ್ಚಿ ಸಾಗಿಸಿದ್ದರು, ಆಮೇಲೆ ವಾಪಸ್ ತಂದರು. ನಮ್ಮ ವಿವೇಕಾನಂದರು ಹೋಗಿದ್ದರಲ್ಲ, ಅದೇ ಮೇಳ.

ಹತ್ತಿರದಲ್ಲೇ ಇರೋ ಚಾರ್ಲ್ಸ್ ಟೌನ್ ಕೋರ್ಟಿನಲ್ಲಿ ಬ್ರೌನ್ ಮೇಲೆ ರಾಜದ್ರೋಹದ ವಿಚಾರಣೆ ನಡೀತು, ಡಿಸೆಂಬರ್ 2ಕ್ಕೆ ಗಲ್ಲಾಯ್ತು. ಈ ಕೋರ್ಟನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1861ರಲ್ಲಿ ವರ್ಜೀನಿಯಾ ಒಕ್ಕೂಟ ಬಿಟ್ಟು ದಕ್ಷಿಣದವರ ಜೊತೆ ಸೇರಿತು. ಪಶ್ಚಿಮದ ಬೆಟ್ಟದ ಜನರಿಗೆ ಅದು ಬೇಕಿರಲಿಲ್ಲ. ತೆರಿಗೆ ಮತ್ತು ಪ್ರಾತಿನಿಧ್ಯದ ವಿಷಯದಲ್ಲಿ ಪೂರ್ವದ ಜಮೀನ್ದಾರರ ಮೇಲೆ ಅವರಿಗೆ ಹಳೇ ಸಿಟ್ಟಿತ್ತು. ವೀಲಿಂಗ್ ಊರಲ್ಲಿ ಸಭೆ ಸೇರಿ ಬೇರೆಯಾಗೋ ತೀರ್ಮಾನ ಮಾಡಿದರು. 1863ರ ಜೂನ್ 20ರಂದು ವೆಸ್ಟ್ ವರ್ಜೀನಿಯಾ ಹುಟ್ಟಿತು. ಸಭೆ ನಡೆದ ಕಟ್ಟಡ ಇವತ್ತು ಮ್ಯೂಸಿಯಂ.

ಸ್ವತಂತ್ರರು ಅಂತ ಮುದ್ರೆ ಒತ್ತಿಕೊಂಡ ಮೇಲೆ ಏನಾಯ್ತು? ರೈಲು ಬಂತು, ಅದರ ಹಿಂದೆ ಕಲ್ಲಿದ್ದಲು ಕಂಪನಿಗಳು ಬಂದವು. ಕಾರ್ಮಿಕ ಇರೋ ಮನೆ ಕಂಪನಿಯದು, ಅಂಗಡಿ ಕಂಪನಿಯದು, ಡಾಕ್ಟರೂ ಕಂಪನಿಯವರೇ. ಸಂಬಳವನ್ನೂ ಎಷ್ಟೋ ಕಡೆ ಕಂಪನಿ ಅಂಗಡಿಯಲ್ಲಿ ಮಾತ್ರ ನಡೆಯೋ ಬಿಲ್ಲೆಗಳಲ್ಲಿ ಕೊಡ್ತಿದ್ದರು. ಸಂಘ ಸೇರಿದರೆ ಮನೆ ಖಾಲಿ ಮಾಡಬೇಕು. 1920ರ ಮೇ 19ರಂದು ಮೇಟ್‌ವಾನ್ ಊರಲ್ಲಿ ಹಾಗೆ ಸಂಸಾರಗಳನ್ನ ಬೀದಿಗೆ ಹಾಕಿ ಬಂದ ಕಂಪನಿಯ ಬಾಡಿಗೆ ಪತ್ತೇದಾರರಿಗೂ, ಕಾರ್ಮಿಕರ ಪರ ನಿಂತ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್‌ಗೂ ಗುಂಡಿನ ಕಾಳಗವೇ ಆಯ್ತು. ಹತ್ತು ಜನ ಸತ್ತರು. ಮುಂದಿನ ವರ್ಷ ಆಗಸ್ಟಿನಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ, ಕೈಯಲ್ಲಿ ಆಯುಧವಿಲ್ಲದ ಹ್ಯಾಟ್‌ಫೀಲ್ಡನ್ನ ಕೊಂದುಹಾಕಿದರು.

ಆಗ ಸುಮಾರು ಹತ್ತು ಸಾವಿರ ಕಾರ್ಮಿಕರು ಕುತ್ತಿಗೆಗೆ ಕೆಂಪು ವಸ್ತ್ರ ಕಟ್ಟಿಕೊಂಡು, ಬಂದೂಕು ಹಿಡಿದು ಬ್ಲೇರ್ ಬೆಟ್ಟದ ಕಡೆ ಹೊರಟರು. ಬೆಟ್ಟದ ಮೇಲೆ ಕಂಪನಿಗಳ ದುಡ್ಡಿನಲ್ಲಿ ನಿಂತ ಶೆರಿಫ್‌ನ ಪಡೆ ಮೆಷಿನ್‌ಗನ್ ಇಟ್ಟುಕೊಂಡು ಕಾಯ್ತಿತ್ತು. ವಿಮಾನದಿಂದ ಬಾಂಬನ್ನೂ ಹಾಕಿದರು. ಕೊನೆಗೆ ಕೇಂದ್ರದ ಸೈನ್ಯ ಬಂತು, ಕಾರ್ಮಿಕರು ಅದರ ಮೇಲೆ ಗುಂಡು ಹಾರಿಸದೆ ಮನೆಗೆ ಹೋದರು. ಅವರ ನಾಯಕ ಬಿಲ್ ಬ್ಲಿಜಾರ್ಡ್ ಮೇಲೆ ರಾಜದ್ರೋಹದ ಕೇಸು ಹಾಕಿ 1922ರಲ್ಲಿ ವಿಚಾರಣೆ ನಡೆಸಿದ್ದು ಎಲ್ಲಿ ಗೊತ್ತಾ? ಜಾನ್ ಬ್ರೌನ್ ನಿಂತಿದ್ದ ಅದೇ ಚಾರ್ಲ್ಸ್ ಟೌನ್ ಕೋರ್ಟಿನಲ್ಲಿ. ಈ ಸಲ ಗಲ್ಲಾಗಲಿಲ್ಲ, ಆರೋಪಿ ಬಿಡುಗಡೆಯಾದ. ಮೇಟ್‌ವಾನ್‌ನಲ್ಲಿ ಇದನ್ನೆಲ್ಲ ಹೇಳೋ ಮ್ಯೂಸಿಯಂ ಇದೆ. ಬೆಕ್ಲಿ ಊರಲ್ಲಿ ಹಳೇ ಗಣಿಯೊಳಗೇ ಗಾಡಿಯಲ್ಲಿ ಕೂರಿಸಿ ಕರ್ಕೊಂಡು ಹೋಗ್ತಾರೆ, ಮಕ್ಕಳಿಗೂ ಇಷ್ಟ ಆಗುತ್ತೆ.

ಇನ್ನೊಂದು ಜಾಗ ನಮ್ಮ ದೇಶದವರು ನೋಡಲೇಬೇಕು. ನ್ಯೂ ರಿವರ್ ದಂಡೆಯ ಹಾಕ್ಸ್ ನೆಸ್ಟ್‌ನಲ್ಲಿ 1930ರಲ್ಲಿ ಜಲವಿದ್ಯುತ್ತಿಗಾಗಿ ಬೆಟ್ಟ ಕೊರೆದು ಸುರಂಗ ಮಾಡೋ ಕೆಲಸ ಶುರುವಾಯ್ತು. ಮಾಡಿಸಿದ್ದು ಯೂನಿಯನ್ ಕಾರ್ಬೈಡಿನ ಅಂಗಸಂಸ್ಥೆ. ಬಂಡೆಯ ತುಂಬಾ ಸಿಲಿಕಾ. ನೀರು ಹಾಯಿಸಿ ಕೊರೆದರೆ ನಿಧಾನ ಅಂತ ಒಣಗಿದ ಬಂಡೆಯನ್ನೇ ಕೊರೆಸಿದರು. ಕಾರ್ಮಿಕರಲ್ಲಿ ಹೆಚ್ಚಿನವರು ಕೆಲಸ ಹುಡುಕಿಕೊಂಡು ದಕ್ಷಿಣದಿಂದ ಬಂದ ಕಪ್ಪು ಜನ. ಆ ಧೂಳು ಕುಡಿದು ಎಷ್ಟು ಜನ ಸತ್ತರು? ಅಲ್ಲಿರೋ ಸರ್ಕಾರಿ ಫಲಕವೇ ಎರಡು ಲೆಕ್ಕ ಕೊಡುತ್ತೆ: ಒಪ್ಪಿಕೊಂಡಿದ್ದು 109, ಸಂಸತ್ತಿನ ವಿಚಾರಣೆಯಲ್ಲಿ ಬಂದದ್ದು 476. ಆಮೇಲಿನ ಸಂಶೋಧಕರು 700 ದಾಟಿಸ್ತಾರೆ.

ಯೂನಿಯನ್ ಕಾರ್ಬೈಡ್ ಅಂದ ಕೂಡಲೇ ನಮಗೆ ನೆನಪಾಗೋದು 1984ರ ಭೋಪಾಲ್. ಅಲ್ಲಿ ಸೋರಿದ ಮೀಥೈಲ್ ಐಸೋಸಯನೇಟನ್ನ ಇದೇ ರಾಜ್ಯದ ಇನ್‌ಸ್ಟಿಟ್ಯೂಟ್ ಅನ್ನೋ ಊರಲ್ಲೂ ತಯಾರಿಸ್ತಿದ್ದರು. ಭೋಪಾಲಿನ ಕಥೆಗೆ ಒಂದು ಹಿಂದಿನ ಅಧ್ಯಾಯ ಇತ್ತು ಅನ್ನೋದು ಹಾಕ್ಸ್ ನೆಸ್ಟ್‌ಗೆ ಹೋದಾಗ ಗೊತ್ತಾಗುತ್ತೆ.

ಹೋಗೋದಾದ್ರೆ ಅಕ್ಟೋಬರಿನಲ್ಲಿ ಹೋಗಿ, ಎಲೆಗಳೆಲ್ಲ ಕೆಂಪು ಹಳದಿ ಆಗಿರುತ್ತೆ. 1977ರಲ್ಲಿ ಕಟ್ಟಿದ ನ್ಯೂ ರಿವರ್ ಗಾರ್ಜ್ ಸೇತುವೆ ನೋಡಿ, ನದಿಯಿಂದ 876 ಅಡಿ ಎತ್ತರ. ಫೋಟೋ ತೆಗೆದುಕೊಂಡು ಅಲ್ಲಿಂದಲೇ ಹಿಂದಿರುಗಬೇಡಿ. ಅದೇ 19ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಅರ್ಧ ಗಂಟೆ ಹೋದರೆ ಸಮ್ಮರ್ಸ್‌ವಿಲ್ ಸಿಗುತ್ತೆ, ಅದರ ಹತ್ತಿರ ಸುರಂಗದ ಕಾರ್ಮಿಕರ ಸಮಾಧಿಗಳಿವೆ. ಮೊದಲು ಹೂತಿದ್ದು ಹೊಲದಲ್ಲಿ. ಹೆದ್ದಾರಿ ಅಗಲ ಮಾಡುವಾಗ ಎಲುಬುಗಳನ್ನ ಅಲ್ಲಿಂದ ತೆಗೆದು ಇಲ್ಲಿಗೆ ತಂದರು. ಹತ್ತು ನಿಮಿಷ ಇಳಿದು ನಿಂತು ಬನ್ನಿ.