ಅದೇ ಪುಸ್ತಕ, ಅದೇ ಮೇಷ್ಟ್ರು...

ಶಾಲೆಯಲ್ಲಿ ಕನ್ನಡವೋ ಇಂಗ್ಲಿಷೋ ಅನ್ನೋ ಜಗಳ ನಮ್ಮಲ್ಲಿ ಮುಗಿಯೋದೇ ಇಲ್ಲ. ಆದರೆ ಪಾಠ ನಡೀತಿರೋ ಭಾಷೆಯೇ ತಿಳಿಯದೆ ಕೂತ ಮಗುವಿನ ಮಾತು ಎತ್ತೋರು ಕಮ್ಮಿ. ಅಂಥ ಮಕ್ಕಳ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟು 1974ರ ಜನವರಿಯಲ್ಲಿ ಒಂದು ತೀರ್ಪು ಕೊಟ್ಟಿತ್ತು. ಕೇಸಿನ ಹೆಸರು ಲೌ ವರ್ಸಸ್ ನಿಕೋಲ್ಸ್.

ಊರು ಸ್ಯಾನ್ ಫ್ರಾನ್ಸಿಸ್ಕೋ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ ಮಕ್ಕಳು 2,856. ಇವರಲ್ಲಿ ಸುಮಾರು 1,000 ಮಕ್ಕಳಿಗೆ ಇಂಗ್ಲಿಷಿನ ಹೆಚ್ಚುವರಿ ಪಾಠ ಇತ್ತು. ಮಿಕ್ಕ 1,800ರಷ್ಟು ಮಕ್ಕಳಿಗೆ ಅದೂ ಇಲ್ಲ. ಶಾಲೆಗೆ ಬರೋದು ಕಡ್ಡಾಯ, ಇಂಗ್ಲಿಷ್ ಬಾರದಿದ್ದರೆ ಹನ್ನೆರಡನೇ ತರಗತಿ ದಾಟೋ ಹಾಗಿಲ್ಲ, ಆದರೆ ಈ ಮಕ್ಕಳಿಗೆ ಇಂಗ್ಲಿಷ್ ಕಲಿಸೋ ಹೊಣೆ ಮಾತ್ರ ಯಾರದ್ದೂ ಅಲ್ಲ! 1970ರಲ್ಲಿ ಪೋಷಕರು ಕೋರ್ಟಿಗೆ ಹೋದರು.

ಕೆಳಗಿನ ಎರಡೂ ಕೋರ್ಟುಗಳಲ್ಲಿ ಸೋಲು. ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು, ಅದೇ ಪಠ್ಯ. ಇದರಲ್ಲಿ ಭೇದ ಎಲ್ಲಿ ಬಂತು? ಕೇಳೋಕೆ ಸರಿಯಾಗೇ ಇದೆ. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದ ತೀರ್ಪು ಈ ವಾದವನ್ನೇ ತಲೆಕೆಳಗು ಮಾಡಿತು. ಭಾಷೆ ತಿಳಿಯದ ಮಗುವಿಗೆ ಅದೇ ಪುಸ್ತಕ ಕೊಟ್ಟ ಮಾತ್ರಕ್ಕೆ ಸಮಾನತೆ ಆಗೋದಿಲ್ಲ, ಕೇಂದ್ರದ ದುಡ್ಡು ಪಡೆಯೋ ಶಾಲೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ ಹೀಗೆ ನಡೆದುಕೊಳ್ಳುವಂತಿಲ್ಲ ಅಂತ. ಪರಿಹಾರ ಇಂಗ್ಲಿಷ್ ಕಲಿಸೋದೋ, ಚೀನೀ ಭಾಷೆಯಲ್ಲೇ ಪಾಠ ಮಾಡೋದೋ ಅಂತ ಮಾತ್ರ ಕೋರ್ಟು ಹೇಳಲಿಲ್ಲ.

ನನ್ನನ್ನು ಕಾಡೋದು ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಜೊತೆಗೆ ಬರೆದ ಪುಟ್ಟ ಅಭಿಪ್ರಾಯ. ಇಲ್ಲಿ 1,800 ಮಕ್ಕಳಿದ್ದಾರೆ, ಅದಕ್ಕೇ ಒಪ್ಪಿದ್ದೀನಿ. ಬೇರೆ ಭಾಷೆಯ ಒಂದೇ ಒಂದು ಮಗು ಇದ್ದರೆ ಈ ತೀರ್ಪೇ ಕೊನೇ ಮಾತಲ್ಲ ಅನ್ನೋದು ಅದರ ಸಾರ. ಒಂಟಿ ಮಗುವಿಗೆ ಕಷ್ಟ ಹೆಚ್ಚಲ್ವಾ? ಪುಣ್ಯಕ್ಕೆ ಅದೇ ವರ್ಷ ಆಗಸ್ಟಿನಲ್ಲಿ ಬಂದ ಸಮಾನ ಶಿಕ್ಷಣಾವಕಾಶಗಳ ಕಾಯ್ದೆ, ಭಾಷೆಯ ತೊಡಕು ನೀಗಿಸೋಕೆ ಶಾಲೆಗಳು ತಕ್ಕ ಕ್ರಮ ಕೈಗೊಳ್ಳಬೇಕು ಅಂದಿತು. ತಲೆ ಎಣಿಸೋ ಮಾತು ಅಲ್ಲಿಲ್ಲ. ಹಾಗಂತ ಜಗಳ ಅಲ್ಲಿಗೇ ಮುಗೀಲಿಲ್ಲ. ಕ್ಯಾಲಿಫೋರ್ನಿಯಾ 1998ರಲ್ಲಿ ಜನಮತದ ಮೂಲಕ ದ್ವಿಭಾಷಾ ತರಗತಿಗಳಿಗೆ ಕಡಿವಾಣ ಹಾಕಿ, 2016ರಲ್ಲಿ ಮತ್ತೆ ಜನಮತದಿಂದಲೇ ಅದನ್ನು ತೆಗೆಯಿತು.

ಇನ್ನು ನಮ್ಮ ಕಥೆ. ಲೌ ತೀರ್ಪಿಗಿಂತ 18 ವರ್ಷ ಮೊದಲೇ, 1956ರಲ್ಲಿ, ನಮ್ಮ ಸಂವಿಧಾನಕ್ಕೆ 350ಎ ವಿಧಿ ಸೇರಿತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠಕ್ಕೆ ಅನುಕೂಲ ಒದಗಿಸಲು ಪ್ರಯತ್ನಿಸಬೇಕು ಅನ್ನುತ್ತೆ ಅದು. ಒಂದರಿಂದ ನಾಲ್ಕನೇ ತರಗತಿವರೆಗೆ ತಾಯ್ನುಡಿ ಅಥವಾ ಕನ್ನಡದಲ್ಲೇ ಪಾಠ ಅಂದ ಕರ್ನಾಟಕದ 1994ರ ಆದೇಶ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಮಾಧ್ಯಮದ ಆಯ್ಕೆ ಪೋಷಕರಿಗೆ ಬಿಟ್ಟದ್ದು ಅಂತಾಯ್ತು. ಸರಿ, ತಾಂಡಾದಿಂದ ಬರೋ ಲಂಬಾಣಿ ಮಗುವಿನ ಪಾಲಿಗೆ ಆ ಆಯ್ಕೆ ಏನು? ಕನ್ನಡ ಶಾಲೆಗೆ ಹೋದರೂ ಇಂಗ್ಲಿಷ್ ಶಾಲೆಗೆ ಹೋದರೂ ಮೊದಲ ದಿನ ಅದು ಪಕ್ಕದವರನ್ನು ನೋಡಿಯೇ ಪುಸ್ತಕ ತೆಗೀಬೇಕು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು ಮೂರರಲ್ಲಿ ಒಬ್ಬರ ತಾಯ್ನುಡಿ ಕನ್ನಡವಲ್ಲ. ಕನ್ನಡ ಶಾಲೆ ಉಳೀಬೇಕು ಅನ್ನೋ ಪೈಕಿ ನಾನೂ ಒಬ್ಬ, ಆದರೆ ಆ ಮಗುವಿನ ಎದುರು ನಾವೂ ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಯವರ ವಾದವನ್ನೇ ಹೂಡ್ತೀವೇನೋ ಅನ್ನಿಸುತ್ತೆ.

ನಿಮ್ಮಲ್ಲಿ ಯಾರಾದರೂ ತಾಂಡಾ, ಹಾಡಿಯ ಮಕ್ಕಳಿಗೆ ಪಾಠ ಮಾಡಿದ್ದರೆ, ಒಂದನೇ ಕ್ಲಾಸಿನ ಮೊದಲ ತಿಂಗಳು ಹೇಗೆ ನಿಭಾಯಿಸಿದಿರಿ ಅಂತ ದಯವಿಟ್ಟು ಬರೀರಿ.