ಮೇಷ್ಟರಿಗಾಗಿ ಹುಟ್ಟಿದ ಎಂ.ಟೆಕ್.

ಬಿ.ಇ. ಮುಗಿಸಿದ ಮಗನೋ ಮಗಳೋ ಕೆಲಸಕ್ಕೆ ಸೇರದೆ ಇನ್ನೆರಡು ವರ್ಷ ಓದುತ್ತೇನೆಂದರೆ ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: ಇದರಿಂದ ಏನಾಗುತ್ತದೆ? ಸಾಲುಸಾಲಾಗಿ ಬ್ಯಾಂಕುಗಳನ್ನು ಹುಟ್ಟುಹಾಕಿದ, ಲೆಕ್ಕಾಚಾರದಲ್ಲಿ ಪಳಗಿದ ಕರಾವಳಿಯಲ್ಲಿ ಈ ಪ್ರಶ್ನೆ ಸ್ವಲ್ಪ ಜೋರಾಗಿಯೇ ಕೇಳಿಬರುತ್ತದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಟೆಕ್. ಮಾಡಹೊರಟವರಿಗೆ ಉತ್ತರ ಕೊಡುವುದು ಸುಲಭವಲ್ಲ. ಈ ಪದವಿಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಒಂದು, ಓದಿದವರು ಅದರಿಂದ ಪಡೆದದ್ದು ಇನ್ನೊಂದು.

ಸ್ವಾತಂತ್ರ್ಯ ಬಂದಾಗ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಎಂಜಿನಿಯರ್ ಆಗಬೇಕೆಂದ ಹುಡುಗ ಮದ್ರಾಸಿನ ಗಿಂಡಿಗೆ ಹೋಗಬೇಕಿತ್ತು. ಇಲ್ಲವೇ ಘಟ್ಟ ಹತ್ತಿ, ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾಲೇಜಿನಲ್ಲಿ ಸೀಟು ಹುಡುಕಬೇಕಿತ್ತು. ಅದಕ್ಕಿಂತ ಮೇಲಿನ ಓದು ದೇಶದಲ್ಲೇ ವಿರಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1946ರಲ್ಲಿ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತಾದರೂ, ಆ ಸಂಸ್ಥೆಗೆ ವಿಶ್ವವಿದ್ಯಾನಿಲಯಕ್ಕೆ ಸಮನಾದ ಮಾನ್ಯತೆ ದೊರೆತದ್ದು 1958ರಲ್ಲಿ.

ಆ ಕಾಲದ ಕಷ್ಟವನ್ನು ತಿಳಿಯಲು ರಾಜೇಶ್ವರಿ ಚಟರ್ಜಿ ಅವರ ಉದಾಹರಣೆ ಸಾಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿದ್ದ ಇವರು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಗಾಗಿ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್‌ಗೆ ಹೋದರು. ಪದವಿಯ ಮೇಲೆ ಡಾಕ್ಟರೇಟನ್ನೂ ಪಡೆದು, 1953ರಲ್ಲಿ ಮರಳಿ ಅದೇ ಬೆಂಗಳೂರಿನ ವಿಭಾಗದಲ್ಲಿ ಅಧ್ಯಾಪಕಿಯಾದರು. ಪತಿಯೊಡನೆ ಮೈಕ್ರೋವೇವ್ ಸಂಶೋಧನೆಗೆ ಅಡಿಪಾಯ ಹಾಕಿದರು. ಹೊರಗೆ ಕಲಿತು ಬಂದವರು ಇಲ್ಲಿ ಕಲಿಸಲು ನಿಂತರಷ್ಟೇ ಮುಂದಿನವರಿಗೆ ಹಡಗು ಹತ್ತುವ ಪ್ರಮೇಯ ತಪ್ಪುತ್ತಿತ್ತು.

ಸರ್ಕಾರದ ಚಿಂತೆಯೂ ಇದೇ ಆಗಿತ್ತು. ಪಂಚವಾರ್ಷಿಕ ಯೋಜನೆಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚತೊಡಗಿದ್ದವು, ಪಾಠ ಹೇಳುವವರೆಲ್ಲಿ? ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ.ಎಸ್. ಠಾಕರ್ ಅವರ ನೇತೃತ್ವದ ಸಮಿತಿಯೊಂದು ಸ್ನಾತಕೋತ್ತರ ಎಂಜಿನಿಯರಿಂಗ್ ಶಿಕ್ಷಣವನ್ನು ಪರಿಶೀಲಿಸಿ 1960ರ ದಶಕದ ಆರಂಭದಲ್ಲಿ ವರದಿ ನೀಡಿತು. ಈ ಓದಿನ ಮುಖ್ಯ ಫಲವೆಂದು ಆಗಿನವರು ಎಣಿಸಿದ್ದು ಅಧ್ಯಾಪಕರನ್ನು ಮತ್ತು ಸಂಶೋಧಕರನ್ನು.

ಮಂಗಳೂರಿಗೆ ಈ ಅವಕಾಶ ಬಂದದ್ದು ಸುರತ್ಕಲ್ಲಿನ ಮೂಲಕ. ರಾಜ್ಯ ಪುನರ್ವಿಂಗಡಣೆಯಾಗಿ ನಾಲ್ಕೇ ವರ್ಷಕ್ಕೆ, 1960ರಲ್ಲಿ, ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನದಿಂದ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು, ಜನರ ಬಾಯಲ್ಲಿ ಕೆ.ಆರ್.ಇ.ಸಿ., ಇಲ್ಲಿ ಸ್ಥಾಪನೆಯಾಯಿತು. ಕಡಲ ದಂಡೆಯ ಆ ಜಾಗಕ್ಕೆ ಇಂದಿಗೂ ಶ್ರೀನಿವಾಸನಗರವೆಂದೇ ಹೆಸರು. ಮೊದಲಿಗಿದ್ದದ್ದು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಮೂರೇ ವಿಭಾಗಗಳು. ಎಲೆಕ್ಟ್ರಾನಿಕ್ಸ್ ಆಮೇಲೆ ಬಂತು.

ಇಂತಹ ಕಾಲೇಜುಗಳ ಹಣಕಾಸಿನ ಏರ್ಪಾಡು ಕುತೂಹಲದ್ದು. ಪದವಿ ತರಗತಿಗಳ ದಿನನಿತ್ಯದ ಖರ್ಚನ್ನು ಕೇಂದ್ರವೂ ರಾಜ್ಯವೂ ಅರ್ಧರ್ಧ ಹೊರಬೇಕಿತ್ತು. ಸ್ನಾತಕೋತ್ತರ ತರಗತಿಗಳ ಖರ್ಚು ಪೂರ್ತಿ ಕೇಂದ್ರದ್ದೇ. ಅಂದರೆ ಬಿ.ಇ. ಎಂಬುದು ದೆಹಲಿ-ಬೆಂಗಳೂರುಗಳ ಪಾಲುದಾರಿಕೆ, ಎಂ.ಟೆಕ್. ಮಾತ್ರ ದೆಹಲಿಯ ಕೂಸು. 1980ರ ದಶಕದಲ್ಲಿ ಬಂದ ಗೇಟ್ ಪರೀಕ್ಷೆ ಈ ಕೂಸಿಗೆ ದೇಶಕ್ಕೆಲ್ಲ ಒಂದೇ ಹೆಬ್ಬಾಗಿಲು ಇಟ್ಟಿತು. ಮೂರು ಗಂಟೆಯ ಆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಸೀಟಿನೊಡನೆ ತಿಂಗಳ ವಿದ್ಯಾರ್ಥಿವೇತನವೂ ಸಿಗುತ್ತದೆ. 2010ರ ದಶಕದಲ್ಲಿ ಅದು 8,000 ರೂಪಾಯಿಯಿಂದ 12,400 ರೂಪಾಯಿಗೆ ಏರಿತು. ಊರಿನ ಸಣ್ಣ ಕಾಲೇಜಿನಲ್ಲಿ ಬಿ.ಇ. ಮಾಡಿದವರಿಗೆ ಅಪ್ಪನ ಜೇಬನ್ನು ನೆಚ್ಚದೆ ದೊಡ್ಡ ಸಂಸ್ಥೆ ಸೇರಲು ಇದಕ್ಕಿಂತ ನೇರ ದಾರಿ ಇನ್ನೊಂದಿಲ್ಲ.

ಸುರತ್ಕಲ್ಲಿನ ಎಂ.ಟೆಕ್. ಶಾಖೆಗಳ ಹೆಸರುಗಳಲ್ಲೇ ಎಲೆಕ್ಟ್ರಾನಿಕ್ಸ್‌ನ ಚರಿತ್ರೆ ಅಡಗಿದೆ. ಒಂದು ಕಾಲಕ್ಕೆ ಇದ್ದದ್ದು ಇಂಡಸ್ಟ್ರಿಯಲ್ ಎಲೆಕ್ಟ್ರಾನಿಕ್ಸ್, ಎಂದರೆ ಕಾರ್ಖಾನೆಯ ಮೋಟಾರು, ಯಂತ್ರಗಳನ್ನು ಹತೋಟಿಯಲ್ಲಿಡುವ ವಿದ್ಯೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಮತ್ತು ಸುಧಾರಿತ ಸಂಪರ್ಕ ಎಂಬ ಶಾಖೆಯೂ ಇತ್ತು. ಬಳಿಕ ವಿ.ಎಲ್.ಎಸ್.ಐ., ಅಂದರೆ ಉಗುರಿನಗಲದ ಸಿಲಿಕಾನ್ ಚೂರಿನ ಮೇಲೆ ಲಕ್ಷಾಂತರ ಟ್ರಾನ್ಸಿಸ್ಟರುಗಳನ್ನು ಕೂರಿಸುವ ವಿನ್ಯಾಸ ವಿದ್ಯೆ ಬಂತು.

ಈ ಕೊನೆಯದು ಪದವಿಯ ದಿಕ್ಕನ್ನೇ ಬದಲಿಸಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅದರ ಹಿಂದೆ ಇತರ ಚಿಪ್ ಕಂಪನಿಗಳೂ ಬಂದವು. ಸಾಫ್ಟ್‌ವೇರ್ ಕಂಪನಿಗಳು ಯಾವ ವಿಭಾಗದ ಬಿ.ಇ. ಆದರೂ ಸರಿ ಎನ್ನುತ್ತಿದ್ದಾಗ, ಚಿಪ್ ವಿನ್ಯಾಸಕ್ಕೆ ಮಾತ್ರ ಇನ್ನೂ ಆಳವಾಗಿ ಕಲಿತವರು ಬೇಕಾದರು. ಕೇಂದ್ರ ಸರ್ಕಾರ 1998ರಿಂದ ಇದಕ್ಕಾಗಿಯೇ ವಿಶೇಷ ತರಬೇತಿ ಯೋಜನೆ ಹಮ್ಮಿಕೊಂಡು, ಕಾಲೇಜುಗಳು ಕೊಳ್ಳಲಾರದ ದುಬಾರಿ ವಿನ್ಯಾಸ ತಂತ್ರಾಂಶಗಳನ್ನು ಒದಗಿಸತೊಡಗಿತು. ಸುರತ್ಕಲ್ ಕೂಡ ಅದರಲ್ಲಿ ಸೇರಿತು. ವಿದ್ಯಾರ್ಥಿ ಮೊದಲ ವರ್ಷ ಪಾಠ ಕೇಳಿ, ಎರಡನೆಯ ವರ್ಷ ಒಂದೇ ವಿಷಯ ಹಿಡಿದು ಪ್ರಬಂಧ ಸಿದ್ಧಪಡಿಸಬೇಕು. ಸರ್ಕ್ಯೂಟು ಹೆಣೆದು, ಗಣಕಯಂತ್ರದಲ್ಲಿ ನಡೆಸಿ ನೋಡಿ, ತಪ್ಪಿದರೆ ಮತ್ತೆ ಮೊದಲಿನಿಂದ. ವಿನ್ಯಾಸ ಚಿಪ್ ಆಗಬೇಕಾದರೆ ಕಾರ್ಖಾನೆ ಬೇಕು. ಮೊಹಾಲಿಯಲ್ಲಿರುವ ಸರ್ಕಾರಿ ಕಾರ್ಖಾನೆಯ ಅಳತೆ 180 ನ್ಯಾನೋಮೀಟರ್. ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ನ್ಯಾನೋಮೀಟರ್. ಇಷ್ಟು ಸೂಕ್ಷ್ಮವಾದದ್ದೂ ಇಂದಿನ ಲೆಕ್ಕದಲ್ಲಿ ಹಳೆಯದೇ.

ಹೀಗೆ ಮೇಷ್ಟರನ್ನು ತಯಾರಿಸಲು ಹುಟ್ಟಿದ ಓದು ಬೆಂಗಳೂರಿನ ಕಂಪನಿಗಳಿಗೆ ಏಣಿಯಾಯಿತು. ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಸಂಬಳದ ಅಂತರವನ್ನು ಯಾರೂ ಕಾಣದವರಲ್ಲ.

ಆದರೆ ಹಳೆಯ ಉದ್ದೇಶ ಹಿಂಬಾಗಿಲಿನಿಂದ ಮರಳಿ ಬಂತು. ಮಣಿಪಾಲದ ಕಾಲೇಜು 1957ರದು. 1986ರಲ್ಲಿ ನಿಟ್ಟೆ, 2002ರಲ್ಲಿ ವಾಮಂಜೂರು ಎಂದು ಅವಿಭಜಿತ ಜಿಲ್ಲೆಯಲ್ಲಿ ಖಾಸಗಿ ಕಾಲೇಜುಗಳು ಬೆಳೆದವು. 2010ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎ.ಐ.ಸಿ.ಟಿ.ಇ.) ಎಂಜಿನಿಯರಿಂಗ್ ಸಹಾಯಕ ಪ್ರಾಧ್ಯಾಪಕರಿಗೆ ಸ್ನಾತಕೋತ್ತರ ಪದವಿ ಬೇಕೇಬೇಕೆಂದು ನಿಯಮ ಮಾಡಿತು. ಬರೀ ಬಿ.ಇ. ಹಿಡಿದು ಪಾಠ ಮಾಡುತ್ತಿದ್ದ ಎಷ್ಟೋ ಮಂದಿ ಮತ್ತೆ ವಿದ್ಯಾರ್ಥಿಗಳ ಬೆಂಚಿನಲ್ಲಿ ಕೂರಬೇಕಾಯಿತು.

ಅಷ್ಟರಲ್ಲಿ ಕೆ.ಆರ್.ಇ.ಸಿ.ಯೇ ಬದಲಾಗಿತ್ತು. ಅಲ್ಲಿ ಓದಿದವರ ಪದವಿ ಪತ್ರದಲ್ಲಿ ಮೊದಲು ಇದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಹೆಸರು, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ಹೆಸರು. 2002ರಲ್ಲಿ ಕಾಲೇಜು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿ, ತನ್ನ ಹೆಸರಿನಲ್ಲೇ ಪದವಿ ಕೊಡುವಂತಾಯಿತು.