ಹೊಯ್ಸಳನಾಡಿನಲ್ಲಿ ಬಿಲ್ಲುಬೇಟೆ

ಹೊಯ್ಸಳನಾಡಿನಲ್ಲಿ ಬಿಲ್ಲುಬೇಟೆ ಎಂಬುದು ಇಂದಿನ ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆ ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಬಿಲ್ಲುಬಾಣಗಳಿಂದ ಜಿಂಕೆ, ಹುಲ್ಲೆ ಮೊದಲಾದ ಪ್ರಾಣಿಗಳನ್ನು ಬೇಟೆಯಾಡುತ್ತಿದ್ದ ಪದ್ಧತಿಯನ್ನು ಸೂಚಿಸುತ್ತದೆ. ಇದು ಅರಸರಿಗೆ ವಿನೋದವೂ ಬೇಡ ಸಮುದಾಯಗಳಿಗೆ ಜೀವನೋಪಾಯವೂ ಆಗಿತ್ತು. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆ ಶಿಲ್ಪಗಳಲ್ಲಿಯೂ ಹೊಯ್ಸಳರ ಕಾಲದ ಕನ್ನಡ ಕಾವ್ಯಗಳಲ್ಲಿಯೂ ಇದರ ಚಿತ್ರಣ ದೊರೆಯುತ್ತದೆ. ನೀರಿನ ನೆಲೆಗಳು ಬತ್ತುವ ಬೇಸಗೆಯಲ್ಲಿ ಜಿಂಕೆಗಳು ಉಳಿದ ಕೆಲವೇ ಕೆರೆಕುಂಟೆಗಳಿಗೆ ಬರಬೇಕಾಗುವುದರಿಂದ ಈ ಕಾಲವು ಬೇಟೆಗಾರನಿಗೆ ಅನುಕೂಲವೂ ಪ್ರಾಣಿಗಳಿಗೆ ಅಪಾಯಕಾರಿಯೂ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದಲ್ಲಿ ಜಿಂಕೆಗಳ ಬೇಟೆ ಶಿಕ್ಷಾರ್ಹ ಅಪರಾಧವಾಗಿದೆ.

ಭೌಗೋಳಿಕ ಹಿನ್ನೆಲೆ

ಯಗಚಿ ನದಿಯ ದಡದಲ್ಲಿರುವ ಬೇಲೂರು ಮಲೆನಾಡಿನ ಅಂಚಿನಲ್ಲಿದೆ. ಅಲ್ಲಿಂದ ಸುಮಾರು 16 ಕಿ.ಮೀ. ದೂರದಲ್ಲಿರುವ ಹಳೇಬೀಡು ಹಿಂದೆ ದ್ವಾರಸಮುದ್ರ ಅಥವಾ ದೋರಸಮುದ್ರ ಎಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿತ್ತು. ಈಶಾನ್ಯದ ಅರಸೀಕೆರೆ ಬಯಲುಸೀಮೆಗೆ ಸೇರಿದ್ದು, ಮಳೆ ಕಡಿಮೆ. ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ದಟ್ಟ ಕಾಡು ತೆಳುವಾಗಿ ಕುರುಚಲು ಕಾಡು, ಹುಲ್ಲುಗಾವಲು ಹಾಗೂ ಕಲ್ಲುಗುಡ್ಡಗಳಿಗೆ ಎಡೆಕೊಡುತ್ತದೆ.

ಈ ಪ್ರದೇಶದ ಊರುಗಳ ಹೆಸರುಗಳಲ್ಲಿಯೇ ನೀರಿನ ಮಹತ್ವ ಕಾಣುತ್ತದೆ. ಅರಸೀಕೆರೆ ಎಂದರೆ ಅರಸಿಯ ಕೆರೆ. ದೋರಸಮುದ್ರ ಎಂಬ ಹೆಸರಿನಲ್ಲಿರುವ ‘ಸಮುದ್ರ’ವೂ ದೊಡ್ಡ ಕೆರೆಯನ್ನೇ ಸೂಚಿಸುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬೇಸಗೆಯಲ್ಲಿ ಹಳ್ಳಗಳು ಬತ್ತಿ, ಜನ, ದನ ಮತ್ತು ಕಾಡುಪ್ರಾಣಿಗಳು ಇಂತಹ ಕೆರೆಗಳನ್ನೇ ಅವಲಂಬಿಸುತ್ತವೆ.

ಬೇಟೆಯ ಪ್ರಾಣಿಗಳು

ಆಡುಮಾತಿನಲ್ಲಿ ‘ಜಿಂಕೆ’ ಎಂಬ ಪದವನ್ನು ಹಲವು ಪ್ರಾಣಿಗಳಿಗೆ ಬಳಸಲಾಗುತ್ತದೆ. ಪ್ರಾಣಿಶಾಸ್ತ್ರದ ಪ್ರಕಾರ ಚುಕ್ಕೆ ಜಿಂಕೆ, ಕಡವೆ ಮತ್ತು ಕಾಡುಕುರಿಗಳು ಜಿಂಕೆಯ ಕುಟುಂಬಕ್ಕೆ ಸೇರಿದವು. ಇವುಗಳ ಗಂಡುಗಳಿಗೆ ಉದುರಿ ಮತ್ತೆ ಬೆಳೆಯುವ ಕವಲುಕೊಂಬುಗಳಿರುತ್ತವೆ. ಹುಲ್ಲೆ ಅಥವಾ ಕೃಷ್ಣಮೃಗ ಮತ್ತು ಕೊಂಡುಕುರಿಗಳ ಕೊಂಬುಗಳು ಉದುರುವುದಿಲ್ಲ. ಇವು ಹಸು, ಮೇಕೆಗಳ ಕುಟುಂಬಕ್ಕೆ ಸೇರಿವೆ. ಹಳಗನ್ನಡದಲ್ಲಿ ‘ಎರಳೆ’, ‘ಪುಲ್ಲೆ’, ‘ಮಿಗ’ ಎಂಬ ಪದಗಳು ಬಳಕೆಯಲ್ಲಿದ್ದವು.

ಇವುಗಳ ಬೇಸಗೆಯ ನಡವಳಿಕೆ ಒಂದೇ ಬಗೆಯದಲ್ಲ. ಚುಕ್ಕೆ ಜಿಂಕೆಗೆ ಬಿಸಿಲಿನ ದಿನಗಳಲ್ಲಿ ಆಗಾಗ್ಗೆ ನೀರು ಬೇಕಾಗುವುದರಿಂದ ಅದು ನೀರಿನ ನೆಲೆಯಿಂದ ಬಹುದೂರ ಹೋಗುವುದಿಲ್ಲ. ಕಡವೆ ಹಗಲು ನೆರಳಿನಲ್ಲಿ ಮಲಗಿದ್ದು ಕತ್ತಲಾದ ಮೇಲೆ ಮೇಯಲು ಹೊರಡುತ್ತದೆ. ಕೃಷ್ಣಮೃಗವು ಬಯಲಿನ ಪ್ರಾಣಿ. ಅದರ ರಕ್ಷಣೆ ದೃಷ್ಟಿಯ ತೀಕ್ಷ್ಣತೆ ಮತ್ತು ಓಟದ ವೇಗವನ್ನು ಅವಲಂಬಿಸಿದೆ.

ಬೇಟೆಯ ವಿಧಾನಗಳು

ಬಿಲ್ಲಿನಿಂದ ನಿಖರವಾಗಿ ಹೊಡೆಯಬಹುದಾದ ದೂರ ಬಂದೂಕಿಗಿಂತ ಬಹಳ ಕಡಿಮೆ. ಆದ್ದರಿಂದ ಬಿಲ್ಲುಬೇಟೆಯಲ್ಲಿ ಪ್ರಾಣಿಯ ಸಮೀಪಕ್ಕೆ ಹೋಗುವುದು ಅಥವಾ ಪ್ರಾಣಿಯೇ ಸಮೀಪಕ್ಕೆ ಬರುವಂತೆ ಮಾಡುವುದು ಮುಖ್ಯ. ಇದಕ್ಕೆ ಮೂರು ಪ್ರಮುಖ ವಿಧಾನಗಳಿದ್ದವು.

ಮೊದಲನೆಯದು ಹೊಂಚುಬೇಟೆ. ನೀರಿನ ದಾರಿಯಲ್ಲಿ ಮರೆಯಾಗಿ ಕುಳಿತು ಪ್ರಾಣಿ ಬರುವವರೆಗೆ ಕಾಯುವ ಈ ಕ್ರಮ ಬೇಸಗೆಗೆ ಹೆಚ್ಚು ಹೊಂದುತ್ತದೆ. ಎರಡನೆಯದರಲ್ಲಿ ಜನರು ಸದ್ದು ಮಾಡುತ್ತಾ, ನಾಯಿಗಳನ್ನು ಬಿಟ್ಟು, ಪ್ರಾಣಿಗಳನ್ನು ಪೊದೆಗಳಿಂದ ಎಬ್ಬಿಸಿ ಬಿಲ್ಲುಗಾರರಿರುವ ಕಡೆಗೆ ಅಟ್ಟುತ್ತಾರೆ. ಹೀಗೆ ಅಟ್ಟುವುದಕ್ಕೆ ಹಳಗನ್ನಡದಲ್ಲಿ ‘ಸೋವು’ ಎಂಬ ಕ್ರಿಯಾಪದವಿದೆ. ಮೂರನೆಯದು ಪಳಗಿಸಿದ ಪ್ರಾಣಿಯನ್ನು ಒಡ್ಡಿ ಕಾಡಿನ ಪ್ರಾಣಿಯನ್ನು ಸೆಳೆಯುವ ಕ್ರಮ. ಹೀಗೆ ಒಡ್ಡುವ ಪ್ರಾಣಿಯನ್ನು ‘ದೀವ’ ಎನ್ನುತ್ತಿದ್ದರು. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮೃಗಯಾವಿನೋದ, ಅಂದರೆ ಬೇಟೆಯ ವಿನೋದ, ವಿವರವಾಗಿ ನಿರೂಪಿತವಾಗಿದೆ. ಹೊಯ್ಸಳ ವಿಷ್ಣುವರ್ಧನನು ಈ ದೊರೆಯ ಸಮಕಾಲೀನ.

ಬಿಸಿಲಿನ ಪ್ರಭಾವ

ಬೇಸಗೆಯ ಹಗಲಿನಲ್ಲಿ ಜಿಂಕೆಗಳು ನೆರಳು ಬಿಟ್ಟು ಹೊರಬರುವುದು ವಿರಳ. ಅವುಗಳ ಚಲನೆ ಮುಂಜಾವು ಮತ್ತು ಮುಸ್ಸಂಜೆಗಳಿಗೆ ಸೀಮಿತವಾಗುತ್ತದೆ. ಒಣಗಿದ ತರಗೆಲೆಗಳ ಮೇಲೆ ಸದ್ದಿಲ್ಲದೆ ನಡೆಯುವುದು ಕಷ್ಟವಾದುದರಿಂದ ಹಿಂಬಾಲಿಸುವುದಕ್ಕಿಂತ ಕುಳಿತು ಕಾಯುವುದೇ ಬೇಟೆಗಾರನಿಗೆ ಹೆಚ್ಚು ಫಲಕಾರಿ. ಗಾಳಿಯ ದಿಕ್ಕೂ ಮುಖ್ಯವಾದುದು. ಗುಡ್ಡದ ಪ್ರದೇಶದಲ್ಲಿ ಬಿಸಿಲೇರಿದಂತೆ ಗಾಳಿ ಇಳಿಜಾರಿನ ಮೇಲ್ಮುಖವಾಗಿಯೂ ಸಂಜೆ ನೆಲ ತಣಿದಂತೆ ಕೆಳಮುಖವಾಗಿಯೂ ಸರಿಯುತ್ತದೆ. ಬೆವರಿದ ಮನುಷ್ಯನ ವಾಸನೆಯನ್ನು ಜಿಂಕೆ ದೂರದಿಂದಲೇ ಗುರುತಿಸುತ್ತದೆ.

ಬಾಣ ತಗುಲಿದ ಜಿಂಕೆ ಸಾಮಾನ್ಯವಾಗಿ ರಕ್ತಸ್ರಾವದಿಂದ ಸಾಯುತ್ತದೆ. ಹೃದಯ ಅಥವಾ ಶ್ವಾಸಕೋಶಕ್ಕೆ ತಗುಲದಿದ್ದರೆ ಅದು ಬಹುದೂರ ಓಡಿ, ನರಳುತ್ತಾ ಸಾಯುವ ಸಂಭವವಿದೆ. ರಕ್ತದ ಜಾಡು ಹಿಡಿದು ಹುಡುಕುವುದು ತಡವಾದರೆ ಬೇಸಗೆಯಲ್ಲಿ ಮಾಂಸ ಬೇಗನೆ ಕೆಡುತ್ತದೆ. ಬಿಲ್ಲುಬೇಟೆಗೆ ಇಂದಿಗೂ ಕಾನೂನಿನ ಅನುಮತಿ ಇರುವ ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ರಾಜ್ಯಗಳಲ್ಲಿ ಬಿಲ್ಲಿನ ಋತು ಬಂದೂಕಿನ ಋತುವಿಗಿಂತ ಮೊದಲೇ, ಬಿಸಿಲು ಇನ್ನೂ ಇಳಿಯದ ದಿನಗಳಲ್ಲಿ ಆರಂಭವಾಗುತ್ತದೆ. ಅಲ್ಲಿಯೂ ಕರುಳನ್ನು ಕೂಡಲೇ ತೆಗೆದು ಮಾಂಸವನ್ನು ತಣಿಸುವುದು ಬೇಟೆಗಾರನ ಮೊದಲ ಕರ್ತವ್ಯವೆಂದು ಪರಿಗಣಿಸಲಾಗುತ್ತದೆ.

ಶಿಲ್ಪಕಲೆಯಲ್ಲಿ ಬೇಟೆ

ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ಬೇಟೆಗಾರ್ತಿಯರ ಶಿಲ್ಪಗಳೂ ಇವೆ. ಒಬ್ಬಳು ಬಿಲ್ಲೆತ್ತಿ ಹಕ್ಕಿಗಳಿಗೆ ಗುರಿಯಿಡುತ್ತಿದ್ದಾಳೆ. ಬಿಲ್ಲು ಹಿಡಿದ ಇನ್ನೊಬ್ಬಳ ಎರಡೂ ಬದಿಯಲ್ಲಿ ಚಿಕ್ಕ ಆಕೃತಿಗಳಿವೆ. ಅವುಗಳಲ್ಲಿ ಒಂದು ಬಿದಿರಿನ ಅಡ್ಡೆಯ ತುದಿಗಳಿಗೆ ಬೇಟೆಯಾಡಿದ ಜಿಂಕೆ ಮತ್ತು ಕೊಕ್ಕರೆಯನ್ನು ಕಟ್ಟಿ ಹೊತ್ತಿದೆ. ಇನ್ನೊಂದರ ಕಾಲಿಗೆ ಚುಚ್ಚಿದ ಮುಳ್ಳನ್ನು ಕುಳಿತಿರುವ ವ್ಯಕ್ತಿಯೊಬ್ಬರು ಸೂಜಿಯಿಂದ ತೆಗೆಯುತ್ತಿದ್ದಾರೆ. ಅಡ್ಡೆಯ ಮೇಲೆ ಬೇಟೆಯನ್ನು ಹೊರುವ ಕ್ರಮ ಮತ್ತು ಮುಳ್ಳುಕಾಡಿನ ತೊಂದರೆಗಳಂತಹ ನಿತ್ಯಜೀವನದ ವಿವರಗಳು ಇಲ್ಲಿ ದಾಖಲಾಗಿರುವುದು ಈ ಶಿಲ್ಪದ ವಿಶೇಷ.

1121ರ ಸುಮಾರಿಗೆ ನಿರ್ಮಾಣ ಆರಂಭವಾದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಗಳಲ್ಲಿ ಬಿಲ್ಲುಗಾರರ ಚಿತ್ರಣ ಬಹಳವಾಗಿದೆ. ಶ್ರೀರಾಮನು ಒಂದೇ ಬಾಣದಿಂದ ಏಳು ತಾಳೆಮರಗಳನ್ನು ಭೇದಿಸುವ ಪ್ರಸಂಗ ಅವುಗಳಲ್ಲಿ ಪ್ರಸಿದ್ಧವಾದುದು. ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು ಸೋಮನಾಥಪುರದ ಕೇಶವ ದೇವಾಲಯದೊಂದಿಗೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಸಾಹಿತ್ಯದಲ್ಲಿ ಬೇಟೆ

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಬೇಟೆಯ ಪ್ರಸಂಗವು ಕಥೆಯ ತಿರುವಿಗೆ ಕಾರಣವಾಗಿದೆ. ಬೆಳೆಗಳನ್ನು ಹಾಳುಮಾಡುವ ಕಾಡುಪ್ರಾಣಿಗಳ ಬಗ್ಗೆ ಪ್ರಜೆಗಳು ಮೊರೆಯಿಟ್ಟಾಗ ಅರಸನು ಬೇಟೆಗೆ ಹೊರಡುತ್ತಾನೆ. ಇಲ್ಲಿ ಬೇಟೆಯು ರಾಜನ ವಿನೋದವಷ್ಟೇ ಅಲ್ಲ, ಬೆಳೆಯನ್ನು ಕಾಯುವ ಹೊಣೆಯೂ ಹೌದು.

ಇದಕ್ಕೆ ವಿರುದ್ಧವಾದ ದೃಷ್ಟಿ ಇಮ್ಮಡಿ ಬಲ್ಲಾಳನ ಆಸ್ಥಾನಕವಿ ಜನ್ನನು 1209ರಲ್ಲಿ ಪೂರ್ಣಗೊಳಿಸಿದ ‘ಯಶೋಧರ ಚರಿತೆ’ಯಲ್ಲಿದೆ. ಅದರಲ್ಲಿ ಯಶೋಮತಿ ಎಂಬ ಅರಸನು ಶಬ್ದವೇಧಿ ವಿದ್ಯೆಯಿಂದ, ಅಂದರೆ ಸದ್ದನ್ನು ಕೇಳಿಯೇ ಗುರಿಯಿಟ್ಟು, ಎರಡು ಕೋಳಿಗಳನ್ನು ಬಾಣದಿಂದ ಕೊಲ್ಲುತ್ತಾನೆ. ಅವು ಅವನ ತಂದೆಯೂ ಅಜ್ಜಿಯೂ ಆಗಿದ್ದವರ ಮರುಜನ್ಮಗಳು. ಜೈನ ಧರ್ಮವು ಬೇಟೆಯನ್ನು ಸಪ್ತವ್ಯಸನಗಳಲ್ಲಿ ಒಂದೆಂದು ಪರಿಗಣಿಸುತ್ತದೆ. ಮನುಸ್ಮೃತಿಯೂ ಅದನ್ನು ಅರಸನು ತೊರೆಯಬೇಕಾದ ವ್ಯಸನಗಳಲ್ಲಿ ಸೇರಿಸಿದೆ. ಬೇಟೆಗಾರ್ತಿಯ ಶಿಲ್ಪವನ್ನು ಕಡೆದ ನಾಡಿನಲ್ಲಿಯೇ ಅಹಿಂಸೆಯ ಕಾವ್ಯವೂ ಹುಟ್ಟಿತು. ಹೀಗಾಗಿ ಹೊಯ್ಸಳರ ಕಾಲದಲ್ಲಿ ಬೇಟೆಯ ಬಗ್ಗೆ ಒಂದೇ ಅಭಿಪ್ರಾಯವಿತ್ತು ಎನ್ನಲಾಗದು.

ಯುಗಾದಿ ಬೇಟೆ

ಕರ್ನಾಟಕದ ಬಯಲುಸೀಮೆಯ ಹಲವೆಡೆ ಯುಗಾದಿಯ ಆಸುಪಾಸಿನಲ್ಲಿ ಊರಿನ ಗಂಡಸರು ಗುಂಪಾಗಿ ಬೇಟೆಗೆ ಹೋಗುವ ರೂಢಿಯಿತ್ತು. ಹಳೆಯ ಮೈಸೂರು ಭಾಗದಲ್ಲಿ ಯುಗಾದಿಯ ಮರುದಿನವನ್ನು ‘ಹೊಸತೊಡಕು’ ಅಥವಾ ‘ವರ್ಷದ ತೊಡಕು’ ಎಂದು ಆಚರಿಸಲಾಗುತ್ತದೆ. ಅಂದು ಮಾಂಸಾಹಾರಿಗಳ ಮನೆಗಳಲ್ಲಿ ಬಾಡೂಟ ನಡೆಯುತ್ತದೆ. ಹೊಲದ ಕೆಲಸ ಬಿಡುವಾಗಿದ್ದು, ಪೊದೆಗಳ ಎಲೆ ಉದುರಿ, ನೀರು ಕೆಲವೆಡೆ ಮಾತ್ರ ಉಳಿದಿರುವ ಕಾಲವಾದುದರಿಂದ ಗುಂಪುಬೇಟೆ ಸುಲಭವಾಗಿತ್ತು. ಕೊಡಗಿನಲ್ಲಿ ಇದಕ್ಕೆ ಭಿನ್ನವಾಗಿ, ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ಭಾಗದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ ಬೇಟೆಗೆ ಹೊರಡುವ ಸಂಪ್ರದಾಯವಿತ್ತು. ಹಬ್ಬಗಳು ಇಂದಿಗೂ ನಡೆಯುತ್ತವೆ. ಆದರೆ ಹಬ್ಬದ ಹೆಸರಿನಲ್ಲಿ ವನ್ಯಜೀವಿಗಳನ್ನು ಕೊಲ್ಲಲು ಕಾನೂನಿನಲ್ಲಿ ವಿನಾಯಿತಿ ಇಲ್ಲ.

ಕಾನೂನು

ಮೈಸೂರು ಸಂಸ್ಥಾನದಲ್ಲಿ ಬೇಟೆಯ ಪ್ರಾಣಿಗಳು ಮತ್ತು ಮೀನುಗಳ ಸಂರಕ್ಷಣೆಗಾಗಿ 1901ರಲ್ಲಿ ಶಾಸನವೊಂದು ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರ ಬಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಪ್ರಕರಣವು ಅನುಸೂಚಿತ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಅಲ್ಲದೆ ಹಿಡಿಯುವುದು, ಉರುಳು ಹಾಕುವುದು, ಅಟ್ಟುವುದು ಮತ್ತು ಅದಕ್ಕೆ ಪ್ರಯತ್ನಿಸುವುದೂ ‘ಬೇಟೆ’ಯ ವ್ಯಾಖ್ಯೆಯಲ್ಲಿ ಸೇರಿವೆ. ‘ಆಯುಧ’ದ ವ್ಯಾಖ್ಯೆಯಲ್ಲಿ ಬಿಲ್ಲುಬಾಣಗಳನ್ನು ಹೆಸರಿಸಿಯೇ ಹೇಳಲಾಗಿದೆ. ಆದ್ದರಿಂದ ಬಂದೂಕು ಬಳಸಿಲ್ಲ ಎಂಬುದು ಸಮರ್ಥನೆಯಾಗದು.

ಕೃಷ್ಣಮೃಗವು ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಈ ಅನುಸೂಚಿಯ ಪ್ರಾಣಿಗಳ ಬೇಟೆಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. 2022ರ ತಿದ್ದುಪಡಿಯು ದಂಡದ ಮೊತ್ತವನ್ನು ಹೆಚ್ಚಿಸಿ, ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು.

ನಿಷೇಧದ ಪರಿಣಾಮ ಬೇಟೆಯನ್ನೇ ನಂಬಿದ್ದ ಸಮುದಾಯಗಳ ಮೇಲೂ ಆಯಿತು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಸಮುದಾಯದ ನೆಲೆಯಿದೆ. ಬಲೆ ಮತ್ತು ಉರುಳುಗಳಿಂದ ಹಕ್ಕಿಗಳನ್ನು ಹಿಡಿಯುತ್ತಿದ್ದ ಈ ಸಮುದಾಯದವರು ಬೇಟೆ ನಿಂತ ಮೇಲೆ ಗಿಡಮೂಲಿಕೆಯ ತೈಲಗಳ ಮಾರಾಟದಂತಹ ಕಸುಬುಗಳತ್ತ ತಿರುಗಿದರು.

ಸಂರಕ್ಷಣೆ

ಅರಸೀಕೆರೆಗೆ ಹೊಂದಿಕೊಂಡಿರುವ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನಲ್ಲಿ ಬಾಸೂರು ಅಮೃತಮಹಲ್ ಕಾವಲು ಇದೆ. ಅಮೃತಮಹಲ್ ತಳಿಯ ದನಗಳಿಗಾಗಿ ಕಾಯ್ದಿರಿಸಿದ್ದ ಈ ಹುಲ್ಲುಗಾವಲು ಕೃಷ್ಣಮೃಗಗಳಿಗೂ ಆಶ್ರಯವಾಯಿತು. 2011ರಲ್ಲಿ ಇದನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಹಿಂದೆ ಬಿಲ್ಲುಗಾರನು ಹೊಂಚು ಹಾಕುತ್ತಿದ್ದ ನೀರಿನ ನೆಲೆಗಳೇ ಇಂದು ಸಂರಕ್ಷಣೆಯ ಮುಖ್ಯ ತಾಣಗಳಾಗಿವೆ. ಬೇಸಗೆಯಲ್ಲಿ ಪ್ರಾಣಿಗಳು ನೀರನ್ನು ಹುಡುಕಿಕೊಂಡು ಊರುಗಳ ಕಡೆಗೆ ಬಂದಾಗ ಬೀದಿನಾಯಿಗಳ ದಾಳಿ, ರಸ್ತೆ ಅಪಘಾತ ಮತ್ತು ಕಳ್ಳಬೇಟೆಗೆ ತುತ್ತಾಗುವ ಅಪಾಯವಿರುತ್ತದೆ. ಕಾಡಿನೊಳಗಿನ ನೀರಿನ ಹೊಂಡಗಳನ್ನು ಉಳಿಸಿಕೊಳ್ಳುವುದು ಮತ್ತು ಅವುಗಳ ಸುತ್ತ ಉರುಳುಗಳಿಲ್ಲದಂತೆ ಕಾವಲಿಡುವುದು ಈ ಅಪಾಯವನ್ನು ತಗ್ಗಿಸುವ ಕ್ರಮಗಳಾಗಿವೆ.